ಕಾರಿಗೆ ಹೆಚ್ಚುವರಿ ಮೀಟರ್ ಕೂರಿಸುವುದು: ಎಂಜಿನ್‌ನಿಂದ ಡ್ಯಾಶ್‌ಬೋರ್ಡ್‌ವರೆಗೆ

ಕಾರಿನ ಜೊತೆಗೇ ಬಂದ ಟೆಂಪರೇಚರ್ ಮುಳ್ಳು ಅನೇಕ ಗಾಡಿಗಳಲ್ಲಿ ಸುಮಾರು 80 ಡಿಗ್ರಿಯಿಂದ 105 ಡಿಗ್ರಿವರೆಗೂ ಒಂದೇ ಕಡೆ, ನಟ್ಟನಡುವೆ ನಿಂತಿರುತ್ತದೆ. ಅದು ಕೆಟ್ಟಿದೆ ಎಂದಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಮುಳ್ಳು ಸ್ವಲ್ಪ ಏರಿದರೂ ಜನ ಗಾಬರಿಬಿದ್ದು ಸರ್ವಿಸ್ ಸೆಂಟರಿಗೆ ಓಡುತ್ತಾರೆಂದು ತಯಾರಕರೇ ಅದನ್ನು ಮಂದ ಮಾಡಿಟ್ಟಿರುತ್ತಾರೆ. ಈಗಿನ ಎಷ್ಟೋ ಸಣ್ಣ ಕಾರುಗಳಲ್ಲಿ ಆ ಮುಳ್ಳೂ ಇಲ್ಲ. ತಣ್ಣಗಿದ್ದರೆ ನೀಲಿ ದೀಪ, ಕಾದರೆ ಕೆಂಪು ದೀಪ, ಅಷ್ಟೇ. ಆಯಿಲ್ ದೀಪದ ಕಥೆಯೂ ಅದೇ. ಒತ್ತಡ ಅರ್ಧ ಬಾರ್‌ಗಿಂತ ಕೆಳಗಿಳಿದ ಮೇಲೆ ಅದು ಹತ್ತುತ್ತದೆ. ಹೆದ್ದಾರಿಯಲ್ಲಿ 3000 ಆರ್‌ಪಿಎಂನಲ್ಲಿ ಓಡುತ್ತಿರುವ ಎಂಜಿನ್ನಿಗೆ ಅರ್ಧ ಬಾರ್ ಯಾತಕ್ಕೂ ಸಾಲದು.

ಹಾಗಾಗಿ ಮೇಲಿಂದ ಮೀಟರ್ ಹಾಕಿಸಿಕೊಳ್ಳುವವರನ್ನು ನಾನು ಶೋಕಿಯವರು ಎನ್ನುವುದಿಲ್ಲ. ಆದರೆ ಹೆಚ್ಚಿನವರು ಡಯಲ್ ಬಣ್ಣ ನೋಡಿ ಕೊಳ್ಳುತ್ತಾರೆ, ಸೆನ್ಸರ್ ಎಲ್ಲಿ ಕೂರುತ್ತದೆಂದು ಅಂಗಡಿಯಿಂದ ಹೊರಬಿದ್ದ ಮೇಲೆ ಯೋಚಿಸುತ್ತಾರೆ. ಮೀಟರ್ ಎಷ್ಟೇ ದುಬಾರಿಯಾಗಿರಲಿ, ತಪ್ಪು ಜಾಗದಲ್ಲಿ ಕೂತ ಸೆನ್ಸರ್ ಕಳಿಸಿದ ಅಂಕಿಯನ್ನೇ ಅದು ತೋರಿಸಬೇಕು. ಈ ಬರಹದ ಬಹುಪಾಲು ಬಾನೆಟ್ ಕೆಳಗೇ ಇರುವುದು ಅದಕ್ಕೇ.

ಯಾವ ಮೀಟರ್ ಬೇಕು

ದಿನಬಳಕೆಯ ಕಾರಿಗೆ ಮೂರು ಸಾಕು: ಕೂಲೆಂಟ್ ಟೆಂಪರೇಚರ್, ಆಯಿಲ್ ಪ್ರೆಶರ್, ವೋಲ್ಟ್ ಮೀಟರ್. ಟರ್ಬೊ ಗಾಡಿಯಿದ್ದು ರೀಮ್ಯಾಪ್ ಮಾಡಿಸಿದ್ದರೆ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಶಕ್ತಿ ಏರಿಸುವುದು) ಟರ್ಬೊ ಒತ್ತಡ ತೋರಿಸುವ ಬೂಸ್ಟ್ ಮೀಟರ್ ಸೇರಿಸಿ. ಅದನ್ನು ಮಾಡಿಸದೆ ಬೂಸ್ಟ್ ಮೀಟರ್ ಹಾಕಿಸಿದರೆ ಮುಳ್ಳು ಕುಣಿಯುವುದನ್ನು ನೋಡಬಹುದು. ಅದೂ ಒಂದು ಖುಷಿಯೇ, ಬೇಡವೆನ್ನಲಾರೆ.

ಪೆಟ್ರೋಲ್ ಎಂಜಿನ್ ಟ್ಯೂನ್ ಮಾಡಿಸುವವರಿಗೆ ಗಾಳಿ-ಇಂಧನದ ಬೆರಕೆ ಅಳೆಯುವ ವೈಡ್‌ಬ್ಯಾಂಡ್ ಮೀಟರ್ ಬೇಕಾಗುತ್ತದೆ. ಅದರ ಸೆನ್ಸರ್ ಕೂರಿಸಲು ಸೈಲೆನ್ಸರ್ ಪೈಪಿಗೆ ಎಂ18×1.5 ಥ್ರೆಡ್ಡಿನ ಬುಶ್ ವೆಲ್ಡ್ ಮಾಡಿಸಬೇಕು, ಹಾಗಾಗಿ ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಒಂದು ಮಾತು ಮಾತ್ರ ನೆನಪಿರಲಿ: ಬಂಕಿನಲ್ಲಿ ಈಗ ಸಿಗುವುದು ಎಥೆನಾಲ್ ಬೆರೆತ ಪೆಟ್ರೋಲ್. ಶುದ್ಧ ಪೆಟ್ರೋಲಿಗೆ ಸರಿಹೊಂದುವ 14.7 ಎಂಬ ಗಾಳಿ-ಇಂಧನ ಅನುಪಾತ, ಶೇಕಡ 20 ಎಥೆನಾಲಿರುವ ಇ20ಗೆ ಸುಮಾರು 13.5ಕ್ಕೆ ಇಳಿಯುತ್ತದೆ. ಮೀಟರನ್ನು ಲ್ಯಾಂಬ್ಡಾ ಲೆಕ್ಕಕ್ಕೆ ಹಾಕಿಟ್ಟುಕೊಂಡರೆ ಈ ಗೊಂದಲವಿಲ್ಲ. ಯಾವ ಇಂಧನವಾದರೂ ಅಲ್ಲಿ ಸರಿಯಾದ ಬೆರಕೆ ಎಂದರೆ 1.

ಯಾವುದನ್ನೂ ಕೊಳ್ಳುವ ಮೊದಲು ಸ್ಟಿಯರಿಂಗ್ ಕೆಳಗೆ ಬಗ್ಗಿ ನೋಡಿ. ಅಲ್ಲಿ 16 ಪಿನ್ನಿನ ಒಬಿಡಿ ಸಾಕೆಟ್, ಅಂದರೆ ಮೆಕ್ಯಾನಿಕ್ ಸ್ಕ್ಯಾನರ್ ಸಿಕ್ಕಿಸುವ ಸಾಕೆಟ್, ಇದ್ದರೆ (2013ರ ಏಪ್ರಿಲ್ ನಂತರ ತಯಾರಾದ ಕಾರುಗಳಲ್ಲಿ ಇರುತ್ತದೆ), ಕೆಲವು ನೂರು ರೂಪಾಯಿಯ ಬ್ಲೂಟೂತ್ ಅಡಾಪ್ಟರ್ ಚುಚ್ಚಿ ಮೊಬೈಲಿನಲ್ಲೇ ಕೂಲೆಂಟ್ ಡಿಗ್ರಿ ಮತ್ತು ಬ್ಯಾಟರಿ ವೋಲ್ಟೇಜ್ ನೋಡಬಹುದು. ಮ್ಯಾನಿಫೋಲ್ಡ್ ಒತ್ತಡವೂ (ಎಂಜಿನ್ನಿಗೆ ಗಾಳಿ ಹಂಚುವ ಕೊಳವೆಯಲ್ಲಿನ ಒತ್ತಡ) ಹಲವು ಗಾಡಿಗಳಲ್ಲಿ ಸಿಗುತ್ತದೆ. ಒಂದು ವೈರನ್ನೂ ಮುಟ್ಟಬೇಕಿಲ್ಲ, ವಾರಂಟಿಗೂ ಸಾಮಾನ್ಯವಾಗಿ ತೊಂದರೆಯಿಲ್ಲ. ಇದೇ ಸಾಕೆಟ್ಟಿಗೆ ಚುಚ್ಚುವ, ಡ್ಯಾಶ್‌ಬೋರ್ಡ್ ಮೇಲೆ ಕೂರುವ ಡಿಜಿಟಲ್ ಮೀಟರುಗಳೂ ಬರುತ್ತವೆ. ವಾರಂಟಿ ಇರುವ ಕಾರಿನವರಿಗೆ ನನ್ನ ಸಲಹೆ ಇದೇ. ಸಾಮಾನ್ಯ ಕಾರುಗಳಲ್ಲಿ ಈ ದಾರಿಯಲ್ಲಿ ಸಿಗದ್ದು ಆಯಿಲ್ ಪ್ರೆಶರ್. ಅಲ್ಲಿ ಎಂಜಿನ್ ಕಂಪ್ಯೂಟರಾದ ಇಸಿಯುಗೆ ಬರೀ ಸ್ವಿಚ್ಚಿನ ಹೌದು-ಇಲ್ಲ ಗೊತ್ತೇ ಹೊರತು ಬಾರ್ ಲೆಕ್ಕ ಗೊತ್ತಿರುವುದಿಲ್ಲ. ಅದು ಬೇಕೆಂದರೆ ಸೆನ್ಸರ್ ಕೂರಿಸಲೇಬೇಕು. ಹಳೆಯ ಜಿಪ್ಸಿ, ಬೊಲೆರೊ, ಎಸ್ಟೀಮ್ ಇಟ್ಟುಕೊಂಡವರಿಗಂತೂ ಎಲ್ಲದಕ್ಕೂ ಸೆನ್ಸರೇ ದಾರಿ.

ಕೊಳ್ಳುವಾಗ

ಮೀಟರುಗಳು ಹೆಚ್ಚಾಗಿ ಎರಡು ಅಳತೆಯಲ್ಲಿ ಬರುತ್ತವೆ, 52 ಮಿಲಿಮೀಟರ್ ಮತ್ತು 60 ಮಿಲಿಮೀಟರ್. ಅದನ್ನು ಹಿಡಿದಿಡುವ ಬಟ್ಟಲನ್ನು ಅಂಗಡಿಯವರು 'ಪಾಡ್' ಎನ್ನುತ್ತಾರೆ, ಅದೂ ಅದೇ ಅಳತೆಯದ್ದಾಗಬೇಕು.

ಮೀಟರ್ ಮತ್ತು ಸೆನ್ಸರ್ ಒಂದೇ ಪೆಟ್ಟಿಗೆಯಿಂದ ಬಂದಿರಲಿ. ಸೆನ್ಸರಿನ ರೆಸಿಸ್ಟೆನ್ಸ್ (ಕರೆಂಟಿಗೆ ಅದು ಒಡ್ಡುವ ತಡೆ) ಎಷ್ಟಿದೆಯೆಂದು ಅಳೆದು ಮೀಟರ್ ಮುಳ್ಳು ತಿರುಗಿಸುತ್ತದೆ. ಯುರೋಪಿನ ಪದ್ಧತಿಯ ಪ್ರೆಶರ್ ಸೆನ್ಸರ್ 10 ಓಮ್‌ನಿಂದ 180 ಓಮ್‌ವರೆಗೆ ಏರುತ್ತದೆ, ಅಮೆರಿಕದ ಪದ್ಧತಿಯದು 240ರಿಂದ 33ಕ್ಕೆ ಇಳಿಯುತ್ತದೆ. ಅದಲುಬದಲಾದರೆ ಎಂಜಿನ್ ಆಫ್ ಆಗಿರುವಾಗ ಮುಳ್ಳು ತುದಿಯಲ್ಲಿ ನಿಂತು, ರೇಸ್ ಕೊಟ್ಟಂತೆ ಕೆಳಗಿಳಿಯುತ್ತದೆ. ಇಂಥ ಮೀಟರ್ ಹಿಡಿದುಕೊಂಡು 'ಪಂಪ್ ಹೋಗಿದೆ' ಎಂದು ಗ್ಯಾರೇಜಿಗೆ ಬಂದವರಿದ್ದಾರೆ.

ಎಣ್ಣೆಯ ಪೈಪನ್ನೇ ಒಳಗಿನ ಡಯಲ್‌ವರೆಗೆ ಎಳೆಯುವ ಹಳೆಯ ಮೆಕ್ಯಾನಿಕಲ್ ಮಾದರಿಯನ್ನು ಮಾತ್ರ ಬಿಟ್ಟುಬಿಡಿ. ಸೀದಾ ಸರಳ, ನಿಖರವೂ ಹೌದು. ಆದರೆ ಆ ಸಣ್ಣ ಪೈಪ್ ಒಡೆದರೆ ಕುದಿಯುವ ಎಣ್ಣೆ ನಿಮ್ಮ ತೊಡೆಯ ಮೇಲೆ ಬೀಳುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎಲ್ಲ ಬೆಲೆಯವೂ ಸಿಗುತ್ತವೆ. ತೀರಾ ಅಗ್ಗದವನ್ನು ಕೊಂಡರೂ ಕೊಳ್ಳಿ, ಮುಂದಿನ ಪರೀಕ್ಷೆ ಮಾಡದೆ ಗಾಡಿಗೆ ಹಾಕಬೇಡಿ.

ಒಲೆಯ ಮೇಲಿನ ಪರೀಕ್ಷೆ

ಟೆಂಪರೇಚರ್ ಮೀಟರ್ ಸರಿ ಹೇಳುತ್ತದೋ ಇಲ್ಲವೋ ಎಂದು ಮನೆಯಲ್ಲೇ ತಿಳಿಯಬಹುದು. ಒಂದು ಹಳೆಯ ಪಾತ್ರೆಯಲ್ಲಿ ನೀರಿಡಿ. ಮತ್ತೆ ಅಡುಗೆಗೆ ಹೋಗದ ಪಾತ್ರೆಯಾದರೆ ಮನೆಯಲ್ಲಿ ಜಗಳವಿಲ್ಲ. ಒಂದು 12 ವೋಲ್ಟ್ ಬ್ಯಾಟರಿಯ ಪ್ಲಸ್‌ನಿಂದ 2 ಆಂಪಿಯರ್ ಫ್ಯೂಸ್ ಮೂಲಕ ಮೀಟರಿನ ಪವರ್ ವೈರಿಗೆ (ಸಾಮಾನ್ಯವಾಗಿ ಕೆಂಪು), ಮೈನಸ್‌ನಿಂದ ಅರ್ಥ್ ವೈರಿಗೆ (ಸಾಮಾನ್ಯವಾಗಿ ಕಪ್ಪು) ಕೊಡಿ. ಸೆನ್ಸರಿನ ವೈರನ್ನು ಮೀಟರಿಗೆ ಸಿಕ್ಕಿಸಿ. ಸೆನ್ಸರಿಗೆ ಒಂದೇ ವೈರಿದ್ದರೆ ಅದರ ಹಿತ್ತಾಳೆ ಮೈಯನ್ನು ಇನ್ನೊಂದು ವೈರಿನಿಂದ ಬ್ಯಾಟರಿ ಮೈನಸ್‌ಗೆ ಮುಟ್ಟಿಸಬೇಕು. ಈಗ ಸೆನ್ಸರಿನ ತುದಿ ಮಾತ್ರ ಮುಳುಗುವಂತೆ, ಪಾತ್ರೆಯ ತಳಕ್ಕೆ ತಾಗದಂತೆ ನೀರಿಗೆ ಇಳಿಬಿಡಿ.

ನೀರು ಕೊತಕೊತ ಕುದಿಯುವಾಗ ಮಂಗಳೂರಿನಲ್ಲಿ ಮೀಟರ್ 100 ತೋರಿಸಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97ಕ್ಕೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೊಂದು ಡಿಗ್ರಿ ಕಡಿಮೆ. ನಿಮ್ಮೂರಿನ ಕುದಿಬಿಂದುವಿಗಿಂತ ಎರಡು-ಮೂರು ಡಿಗ್ರಿ ಆಚೀಚೆಯಾದರೆ ತೊಂದರೆಯಿಲ್ಲ. ಹತ್ತು ಡಿಗ್ರಿ ವ್ಯತ್ಯಾಸ ಬಂದರೆ ಬಿಲ್ ತೆಗೆದುಕೊಂಡು ಅಂಗಡಿಗೆ ಹೋಗಿ.

ಯಾರು ಮಾಡಬೇಕು

ವೋಲ್ಟ್ ಮೀಟರ್, ಒಳಗಿನ ವೈರಿಂಗ್, ಕೂಲೆಂಟ್ ಹೋಸ್ ಅಡಾಪ್ಟರ್ ಇವು ಪಾನಾ ಹಿಡಿದು ಅಭ್ಯಾಸವಿರುವ ಯಾರಿಗಾದರೂ ಒಂದು ಭಾನುವಾರದ ಕೆಲಸ. ಆಯಿಲ್ ಪ್ರೆಶರ್ ಬೇರೆ ಮಾತು. ಅಲ್ಲಿ ತಪ್ಪಾದರೆ ಕೆಲವೇ ನಿಮಿಷದಲ್ಲಿ ಎಣ್ಣೆಯೆಲ್ಲ ರಸ್ತೆಗೆ ಹೋಗಿ ಎಂಜಿನ್ ಸೀಜ್ ಆಗುತ್ತದೆ. ನೀವೇ ಆಯಿಲ್ ಮತ್ತು ಫಿಲ್ಟರ್ ಬದಲಿಸುವವರಾದರೆ ಧೈರ್ಯವಾಗಿ ಮಾಡಿ. ಅಲ್ಲದಿದ್ದರೆ ಬಾನೆಟ್ ಕೆಳಗಿನದ್ದನ್ನು ಮೆಕ್ಯಾನಿಕ್‌ಗೆ ಕೊಟ್ಟು, ವೈರಿಂಗ್ ನೀವೇ ಮಾಡಿಕೊಳ್ಳಿ. ಹೀಗೆ ಹಂಚಿಕೊಳ್ಳುವುದೇ ನನಗೆ ಸರಿಯೆನಿಸುವ ದಾರಿ. ಅವಸರದ ಅಂಗಡಿಯವರು ಕೆಡಿಸುವುದು ಹೆಚ್ಚಾಗಿ ವೈರಿಂಗನ್ನೇ.

ಅಧಿಕೃತ ಸರ್ವಿಸ್ ಸೆಂಟರುಗಳು ಈ ಕೆಲಸ ಸಾಮಾನ್ಯವಾಗಿ ಒಪ್ಪಿಕೊಳ್ಳುವುದಿಲ್ಲ. ಆಕ್ಸೆಸರಿ ಅಂಗಡಿಯ ಹುಡುಗರು ರಸ್ತೆಬದಿಯಲ್ಲೇ ಅರ್ಧ ಗಂಟೆಯಲ್ಲಿ ಮುಗಿಸಿಕೊಡುತ್ತಾರೆ. ಸೀಟ್ ಕವರಿಗೆ ಅವರು ಸರಿ, ಆಯಿಲ್ ಸೆನ್ಸರಿಗೆ ಬೇಡ. ನಿಮಗೆ ಬೇಕಾದವರು ರ‍್ಯಾಲಿ ಗಾಡಿ ಅಥವಾ ಆಫ್‌ರೋಡ್ ಜೀಪ್ ಕಟ್ಟುವ ಗ್ಯಾರೇಜಿನವರು, ಇಲ್ಲವೇ ಊರಿನ ಒಳ್ಳೆಯ ಆಟೊ ಎಲೆಕ್ಟ್ರಿಷಿಯನ್. 'ಅಣ್ಣಾ, ಪವರ್ ಎಲ್ಲಿಂದ ತಗೋತೀರಿ?' ಎಂದು ಕೇಳಿ. 'ಫ್ಯೂಸ್ ಬಾಕ್ಸಿಂದ, ಟ್ಯಾಪ್ ಹಾಕ್ತೀನಿ' ಎಂದರೆ ಕೆಲಸ ಕೊಡಿ (ಇರುವ ಫ್ಯೂಸಿನ ಜಾಗಕ್ಕೆ ಸಿಕ್ಕಿಸಿ, ಇನ್ನೊಂದು ಫ್ಯೂಸ್ ಮೂಲಕ ಹೊಸ ವೈರ್ ತೆಗೆಯುವ ಕ್ಲಿಪ್ಪೇ ಟ್ಯಾಪ್). 'ಸ್ಟೀರಿಯೊ ವೈರ್ ಕಿತ್ತು ಟೇಪ್ ಸುತ್ತಿಬಿಡ್ತೀನಿ ಸರ್, ಲೈಫ್‌ಲಾಂಗ್ ಏನೂ ಆಗಲ್ಲ' ಎಂದರೆ ಕಾಫಿ ಕುಡಿದು ಎದ್ದುಬನ್ನಿ.

ಕೂಲೆಂಟ್ ಸೆನ್ಸರ್

ರೇಡಿಯೇಟರಿನ ಮೇಲಿನ ಹೋಸ್ ಕತ್ತರಿಸಿ ನಡುವೆ ಅಲ್ಯೂಮಿನಿಯಂ ಅಡಾಪ್ಟರ್ ಸೇರಿಸುವುದು ಸುಲಭದ ಕ್ರಮ. ಕಂಪನಿಯ ಹೋಸಿಗೆ ಚಾಕು ಹಾಕಬೇಡಿ. ಅದೇ ಮಾದರಿಯ ಇನ್ನೊಂದು ಹೋಸ್ ತಂದು ಅದನ್ನು ಕತ್ತರಿಸಿ, ಹಳೆಯದನ್ನು ಎತ್ತಿಡಿ. ಅಡಾಪ್ಟರಿನ ಅಳತೆ ಹೋಸಿನ ಒಳವ್ಯಾಸಕ್ಕೆ ಸರಿಯಾಗಬೇಕು. ರೇಡಿಯೇಟರ್ ಕೊಳವೆಯ ಹೊರವ್ಯಾಸವನ್ನು ವರ್ನಿಯರ್‌ನಿಂದ ಅಳೆದರೆ ಗೊತ್ತಾಗುತ್ತದೆ.

ಎಂಜಿನ್ ಪೂರ್ತಿ ತಣ್ಣಗಿರುವಾಗ, ಅಂದರೆ ಬೆಳಿಗ್ಗೆ ಮೊದಲ ಸ್ಟಾರ್ಟಿಗೂ ಮುಂಚೆ, ರೇಡಿಯೇಟರ್ ಮುಚ್ಚಳ ತೆಗೆಯಿರಿ. ಕೆಳಗಿನ ಡ್ರೇನ್ ತಿರುಪಿನಿಂದ ಮೇಲಿನ ಹೋಸ್ ಖಾಲಿಯಾಗುವಷ್ಟು ಕೂಲೆಂಟನ್ನು ಬಕೆಟ್ಟಿಗೆ ಇಳಿಸಿ. ನೆಲದ ಮೇಲೆ ಚೆಲ್ಲಲು ಬಿಡಬೇಡಿ. ಅದು ಸಿಹಿ ವಿಷ, ಬೀದಿನಾಯಿಗಳು ನೆಕ್ಕಿದರೆ ಸಾಯುತ್ತವೆ. ಹೊಸ ಹೋಸಿನ ನೇರ ಭಾಗದಲ್ಲಿ, ಅಡಾಪ್ಟರಿನ ನಡುಭಾಗದಷ್ಟೇ ಉದ್ದ ಕತ್ತರಿಸಿ ತೆಗೆಯಿರಿ. ಎರಡೂ ಕಡೆ ಕ್ಲಿಪ್ ಹಾಕಿ, ಅಡಾಪ್ಟರಿನ ಅಂಚಿನ ಉಬ್ಬನ್ನು ದಾಟಿದ ಮೇಲೆ ಕ್ಲಿಪ್ ಕೂರಬೇಕು, ಉಬ್ಬಿನ ಮೇಲಲ್ಲ. ಸೆನ್ಸರ್ ಫ್ಯಾನಿಗೂ ಬಾನೆಟ್ಟಿಗೂ ತಾಗದ ಕಡೆಗೆ ಮುಖ ಮಾಡಲಿ.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಒಂದೇ ವೈರಿನ ಸೆನ್ಸರ್ ತನ್ನ ಮೈಯಿಂದಲೇ ಅರ್ಥ್ ಪಡೆಯುತ್ತದೆ. ಎಂಜಿನ್ ಬ್ಲಾಕಿನಲ್ಲಿ ಕೂತಿದ್ದರೆ ಅದು ತಾನಾಗಿ ಸಿಗುತ್ತದೆ. ಹೋಸಿನ ನಡುವೆ ಇರುವ ಅಡಾಪ್ಟರಿಗೆ ಎರಡೂ ಕಡೆ ರಬ್ಬರ್. ಅರ್ಥ್ ಎಲ್ಲಿಂದ ಬರಬೇಕು? ಅಡಾಪ್ಟರಿನ ತಿರುಪಿಗೆ ಒಂದು ವೈರ್ ಕಟ್ಟಿ ಕಾರಿನ ಬಾಡಿಯ ಲೋಹಕ್ಕೆ ಬಿಗಿಯಿರಿ. ಅಡಾಪ್ಟರಿನಲ್ಲಿ ತಿರುಪು ಇಲ್ಲದಿದ್ದರೆ ಕ್ಲಿಪ್ಪಿನ ಕೆಳಗೆ ತಾಮ್ರದ ಎಳೆಗಳನ್ನು ಸಿಕ್ಕಿಸುವವರಿದ್ದಾರೆ, ಅದು ಆರು ತಿಂಗಳಿಗೆ ಹಸಿರುಗಟ್ಟುತ್ತದೆ. ಎರಡು ವೈರಿನ ಸೆನ್ಸರಾದರೆ ಈ ತಾಪತ್ರಯವೇ ಇಲ್ಲ.

ತುಂಬಿಸುವಾಗ ಗಾಳಿ ಉಳಿಯಬಾರದು. ಹೀಟರ್ ಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿ, ಮುಚ್ಚಳ ತೆರೆದೇ ಎಂಜಿನ್ ಸ್ಟಾರ್ಟ್ ಮಾಡಿ. ಐಡ್ಲಿಂಗ್‌ನಲ್ಲಿ ಬಿಡಿ, ಆಗಾಗ ಮೇಲಿನ ಹೋಸನ್ನು ಅಮುಕಿ. ಗುಳ್ಳೆ ಬರುತ್ತಾ ಮಟ್ಟ ಇಳಿಯುತ್ತದೆ, ಸುರಿಯುತ್ತಿರಿ. ಎಂಜಿನ್ ಕಾದ ಮೇಲೆ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ 82ರಿಂದ 88 ಡಿಗ್ರಿಯ ಆಸುಪಾಸಿನಲ್ಲಿ ತೆರೆಯುತ್ತದೆ. ಅಲ್ಲಿಯವರೆಗೆ ಮೇಲಿನ ಹೋಸ್ ತಣ್ಣಗಿರುತ್ತದೆ, ನಿಮ್ಮ ಹೊಸ ಮೀಟರೂ 50-60ರಲ್ಲಿ ಸುಮ್ಮನಿರುತ್ತದೆ. ಆಮೇಲೆ ಒಮ್ಮೆಲೇ ಏರುತ್ತದೆ. ಈ ಜಾಗದ ಸ್ವಭಾವವೇ ಅದು. ಮಟ್ಟ ಇಳಿಯುವುದು ನಿಂತ ಮೇಲೆ ಮುಚ್ಚಳ ಹಾಕಿ, ರೇಡಿಯೇಟರ್ ಫ್ಯಾನ್ ಒಮ್ಮೆ ಓಡಿ ನಿಲ್ಲುವವರೆಗೆ ಕಾಯಿರಿ. ಎಂಜಿನ್ ಮತ್ತೆ ತಣ್ಣಗಾದ ಮೇಲೆ ಕೊನೆಯ ಬಾರಿ ಮಟ್ಟ ನೋಡಿ.

ಆಯಿಲ್ ಪ್ರೆಶರ್ ಸೆನ್ಸರ್

ದಾರಿ ಎರಡು. ಕಂಪನಿಯ ಆಯಿಲ್ ಸ್ವಿಚ್ ಬಿಚ್ಚಿ ಅಲ್ಲಿ ಹಿತ್ತಾಳೆಯ ಟಿ (ಮೂರು ಬಾಯಿಯ ಜೋಡಣೆ) ಹಾಕಿ ಸ್ವಿಚ್, ಸೆನ್ಸರ್ ಎರಡನ್ನೂ ಕೂರಿಸುವುದು ಒಂದು. ಆಯಿಲ್ ಫಿಲ್ಟರಿನ ಹಿಂದೆ ಸ್ಯಾಂಡ್‌ವಿಚ್ ಪ್ಲೇಟ್ (ಬ್ಲಾಕಿಗೂ ಫಿಲ್ಟರಿಗೂ ನಡುವೆ ಕೂರುವ, ಸೆನ್ಸರಿಗೆ ತೂತಿರುವ ಬಿಲ್ಲೆ) ಸೇರಿಸುವುದು ಇನ್ನೊಂದು. ಯಾವುದೇ ಆದರೂ ಕಂಪನಿಯ ಸ್ವಿಚ್ ಮತ್ತು ಅದರ ದೀಪ ಕೆಲಸ ಮಾಡುತ್ತಲೇ ಇರಬೇಕು.

ಟಿ ಹಾಕುವವರು ಮೊದಲು ಥ್ರೆಡ್ ನೋಡಿಕೊಳ್ಳಿ. ಮಾರುಕಟ್ಟೆಯ ಸೆನ್ಸರುಗಳು ಹೆಚ್ಚಾಗಿ 1/8 ಎನ್‌ಪಿಟಿ, ಅಂದರೆ ಅಮೆರಿಕದ ಪೈಪ್ ಥ್ರೆಡ್, ಇಂಚಿಗೆ 27 ಸುತ್ತು. ಜಪಾನ್ ಮೂಲದ ಎಂಜಿನ್ನುಗಳಲ್ಲಿ, ಅಂದರೆ ನಮ್ಮ ಮಾರುತಿಗಳಲ್ಲೂ, ಸ್ವಿಚ್ಚಿನ ತೂತು 1/8 ಬಿಎಸ್‌ಪಿಟಿ, ಅಂದರೆ ಬ್ರಿಟಿಷ್ ಪೈಪ್ ಥ್ರೆಡ್, ಇಂಚಿಗೆ 28 ಸುತ್ತು. ಫೋಕ್ಸ್‌ವ್ಯಾಗನ್ ಕಡೆ ಎಂ10×1. ಎನ್‌ಪಿಟಿ ಸೆನ್ಸರ್ ಬಿಎಸ್‌ಪಿಟಿ ತೂತಿಗೆ ಎರಡು-ಮೂರು ಸುತ್ತು ಸಲೀಸಾಗಿ ಹೋಗುತ್ತದೆ, ಮೋಸ ಇರುವುದೇ ಅಲ್ಲಿ. ಮುಂದೆ ಪಾನಾ ಹಾಕಿ ತಿರುಗಿಸಿದರೆ ಅಲ್ಯೂಮಿನಿಯಂ ಥ್ರೆಡ್ ಸವೆಯುತ್ತದೆ, ಇಲ್ಲವೇ ಸೀಳುತ್ತದೆ. ಹಿತ್ತಾಳೆಯ ಅಡಾಪ್ಟರ್ ನೂರಿನ್ನೂರು ರೂಪಾಯಿಯದು, ಬ್ಲಾಕ್ ಹಾಗಲ್ಲ.

ಟಿಯನ್ನು ನೇರವಾಗಿ ಬ್ಲಾಕಿಗೆ ಹಾಕಿ ಅದರ ತುದಿಗೆ ದಪ್ಪನೆಯ ಸೆನ್ಸರ್ ತೂಗುಬಿಡುವುದು ನನಗೆ ಹಿಡಿಸದ ಕೆಲಸ. ಎಂಜಿನ್ನಿನ ನಡುಕಕ್ಕೆ ಹಿತ್ತಾಳೆ ಕುತ್ತಿಗೆಯಲ್ಲಿ ಬಿರುಕು ಬಿಡುತ್ತದೆ, ಅದೂ ಎಂಜಿನ್ ಓಡುವಾಗಲೇ. ಸ್ಟೀಲ್ ಹೆಣೆದ ಸಣ್ಣ ಹೋಸ್ ಮೂಲಕ ಟಿಯನ್ನು ಕಾರಿನ ಬಾಡಿಯವರೆಗೆ ಕೊಂಡೊಯ್ದು ಅಲ್ಲಿ ಕ್ಲ್ಯಾಂಪ್ ಮಾಡಿ. ಆಗ ಸೆನ್ಸರಿನ ಜೊತೆ ಕಂಪನಿಯ ಸ್ವಿಚ್ಚೂ ಬ್ಲಾಕಿನಿಂದ ದೂರವಾಗುತ್ತದೆ, ಹಾಗಾಗಿ ಟಿಯ ಮೈಗೆ ಪ್ರತ್ಯೇಕ ಅರ್ಥ್ ವೈರ್ ಕೊಡಲೇಬೇಕು.

ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತುವ ಚಟ ನಮ್ಮಲ್ಲಿ ನಲ್ಲಿ ಕೆಲಸದಿಂದ ಬಂದದ್ದು. 'ನಾಲ್ಕು ಸುತ್ತು ಹಾಕಿದ್ರೆ ಜನ್ಮದಲ್ಲಿ ಲೀಕ್ ಆಗಲ್ಲ ಸರ್' ಎನ್ನುತ್ತಾರೆ. ಲೀಕ್ ಆಗದಿರಬಹುದು, ಅರ್ಥ್ ಕೂಡ ಆಗದಿರಬಹುದು. ಟೇಪಿನ ಚೂರು ಹರಿದು ಆಯಿಲ್ ದಾರಿಗೂ ಹೋಗಬಹುದು. ದ್ರವರೂಪದ ಥ್ರೆಡ್ ಸೀಲಂಟ್ ತೆಳ್ಳಗೆ ಹಚ್ಚಿ, ತುದಿಯ ಮೊದಲ ಎರಡು ಸುತ್ತು ಬರಿದಾಗಿ ಬಿಡಿ. ಕೈಯಲ್ಲಿ ಬಿಗಿಯಾದ ಮೇಲೆ ಒಂದರಿಂದ ಒಂದೂವರೆ ಸುತ್ತು ಸಾಕು. ಪಾನಾವನ್ನು ಸೆನ್ಸರಿನ ಡಬ್ಬಿಗೆ ಹಾಕಬೇಡಿ, ಕೆಳಗಿನ ಆರು ಮೂಲೆಯ ಭಾಗಕ್ಕೆ ಹಾಕಿ.

ಸ್ಯಾಂಡ್‌ವಿಚ್ ಪ್ಲೇಟ್ ಹಾಕುವುದಾದರೆ ಆಯಿಲ್ ಬದಲಿಸುವ ದಿನವೇ ಮಾಡಿ. ಫಿಲ್ಟರ್ ಥ್ರೆಡ್ ಸಾಮಾನ್ಯವಾಗಿ ಎಂ20×1.5 ಅಥವಾ 3/4-16. ಫಿಲ್ಟರನ್ನೇ ಕೈಯಲ್ಲಿ ಹಿಡಿದುಕೊಂಡು ಅಂಗಡಿಗೆ ಹೋದರೆ ತಪ್ಪುವುದಿಲ್ಲ. ಫಿಲ್ಟರ್ ಬಿಚ್ಚಿದೊಡನೆ ಅದರ ರಬ್ಬರ್ ರಿಂಗ್ ಫಿಲ್ಟರಿನಲ್ಲೇ ಬಂದಿದೆಯೇ ನೋಡಿ. ಎಷ್ಟೋ ಸಲ ಅದು ಬ್ಲಾಕಿಗೆ ಅಂಟಿಕೊಂಡು ಉಳಿಯುತ್ತದೆ. ಕಪ್ಪು ಎಣ್ಣೆಯ ನಡುವೆ ಕಪ್ಪು ರಬ್ಬರ್ ಕಣ್ಣಿಗೆ ಕಾಣುವುದಿಲ್ಲ, ಬೆರಳಾಡಿಸಿದರೆ ಮಾತ್ರ ಗೊತ್ತಾಗುತ್ತದೆ. ಅದರ ಮೇಲೆ ಪ್ಲೇಟಿನ ರಿಂಗ್ ಕೂರಿಸಿ ಬಿಗಿದರೆ ಸ್ಟಾರ್ಟ್ ಮಾಡಿದ ಕೂಡಲೇ ಎರಡು ರಬ್ಬರಿನ ನಡುವಿನಿಂದ ಎಣ್ಣೆ ಚಿಮ್ಮುತ್ತದೆ. ಮುಖವನ್ನು ಒಣಬಟ್ಟೆಯಲ್ಲಿ ಒರೆಸಿ, ಹೊಸ ರಿಂಗಿಗೆ ಹೊಸ ಎಣ್ಣೆ ಸವರಿ, ನಡುವಿನ ಬೋಲ್ಟನ್ನು ಪ್ಲೇಟಿನ ಜೊತೆ ಬಂದ ಚೀಟಿಯಲ್ಲಿರುವ ಟಾರ್ಕಿಗೆ ಬಿಗಿಯಿರಿ. ಫಿಲ್ಟರ್ ಕೈಯಲ್ಲೇ: ರಿಂಗ್ ತಾಗಿದ ಮೇಲೆ ಮುಕ್ಕಾಲು ಸುತ್ತು. ಪ್ಲೇಟಿನಿಂದಾಗಿ ಫಿಲ್ಟರ್ ಎರಡು-ಮೂರು ಸೆಂಟಿಮೀಟರ್ ಹೊರಬರುತ್ತದೆ. ಕೆಳಮುಖದ ಫಿಲ್ಟರಾದರೆ ನಮ್ಮ ಹಂಪ್‌ಗಳನ್ನು ನೆನೆದು ನೆಲಕ್ಕೆ ಎಷ್ಟು ಅಂತರ ಉಳಿಯಿತೆಂದು ಅಳೆದುಕೊಳ್ಳಿ.

ಬೂಸ್ಟ್

ಟರ್ಬೊ ಪೆಟ್ರೋಲಿನಲ್ಲಿ ಥ್ರಾಟಲ್ ಬಾಡಿಯ ನಂತರ, ಡೀಸೆಲ್‌ನಲ್ಲಿ ಇಂಟರ್‌ಕೂಲರಿನ ನಂತರ ಸಿಗುವ ಒತ್ತಡವೇ ಬೇಕಾದದ್ದು. ಡೀಸೆಲ್ ಬಾನೆಟ್ ಕೆಳಗೆ ಕೈಗೆ ಸುಲಭವಾಗಿ ಸಿಗುವ ಸಣ್ಣ ರಬ್ಬರ್ ಪೈಪುಗಳು ಬಹುಪಾಲು ವ್ಯಾಕ್ಯೂಮ್ ಪಂಪಿನವು. ಅದಕ್ಕೆ ಟಿ ಹಾಕಿದರೆ ಮೀಟರ್ ಸದಾ ಸೊನ್ನೆಯ ಕೆಳಗೇ ಇರುತ್ತದೆ. ಬ್ರೇಕ್ ಬೂಸ್ಟರಿನ ಪೈಪನ್ನಂತೂ ಯಾವ ಗಾಡಿಯಲ್ಲೂ ಮುಟ್ಟಬೇಡಿ. ಪೈಪಿನ ಜೋಡಣೆಗೆಲ್ಲ ಸಣ್ಣ ಕ್ಲಿಪ್ ಹಾಕಿ. ಎಲೆಕ್ಟ್ರಾನಿಕ್ ಸೆನ್ಸರಿರುವ ಮೀಟರಾದರೆ ಸೆನ್ಸರ್ ಬಾನೆಟ್ ಕೆಳಗೇ ಉಳಿದು ವೈರ್ ಮಾತ್ರ ಒಳಗೆ ಬರುತ್ತದೆ, ಅದೇ ಮೇಲು.

ವೈರಿಂಗ್

10ರ ಪಾನಾದಿಂದ ಬ್ಯಾಟರಿಯ ಮೈನಸ್ ಬಿಚ್ಚಿ ಐದು-ಹತ್ತು ನಿಮಿಷ ಬಿಡಿ. ಕೆಲವು ಗಾಡಿಗಳಲ್ಲಿ ಸ್ಟೀರಿಯೊ ಕೋಡ್ ಕೇಳುತ್ತದೆ, ಪವರ್ ವಿಂಡೊ ಆಟೊ ಮರೆತುಹೋಗುತ್ತದೆ, ಕೋಡ್ ಬರೆದಿಟ್ಟುಕೊಂಡಿರಿ. ಡ್ಯಾಶ್‌ಬೋರ್ಡ್ ಕೆಳಗೆ ಹಳದಿ ಕನೆಕ್ಟರ್, ಹಳದಿ ಹೊದಿಕೆಯ ವೈರ್ ಕಂಡರೆ ಅದು ಏರ್‌ಬ್ಯಾಗಿನದು. ಅದಕ್ಕೆ ಟೆಸ್ಟ್ ಲ್ಯಾಂಪ್ ಚುಚ್ಚುವುದು, ಮಲ್ಟಿಮೀಟರ್ ಹಿಡಿಯುವುದು, ಎರಡೂ ಬೇಡ.

ಹೆಚ್ಚಿನ ಮೀಟರುಗಳಿಗೆ ನಾಲ್ಕು ವೈರ್: ಕೀ ಆನ್ ಆದಾಗ ಬರುವ 12 ವೋಲ್ಟ್, ಅರ್ಥ್, ಪಾರ್ಕಿಂಗ್ ದೀಪದ ಜೊತೆ ಬೆಳಗುವ ಬೆಳಕಿನ ವೈರ್, ಸೆನ್ಸರ್ ವೈರ್. ಬಣ್ಣಗಳು ಕಂಪನಿಗೊಂದು ಥರ, ಚೀಟಿ ನೋಡಿ. ಮೂರು ಮೀಟರ್ ಸೇರಿದರೂ ಸಾಮಾನ್ಯವಾಗಿ ಒಂದೆರಡು ಆಂಪಿಯರ್ ದಾಟುವುದಿಲ್ಲ. 0.5ರಿಂದ 0.75 ಚದರ ಮಿಲಿಮೀಟರಿನ ಆಟೊ ವೈರ್, 3 ಆಂಪಿಯರ್ ಫ್ಯೂಸ್ ಸಾಕು. ಮನೆ ವೈರಿಂಗ್‌ನಲ್ಲಿ ಉಳಿದ ವೈರ್ ತಂದು ಹಾಕಬೇಡಿ.

ಕರೆಂಟನ್ನು ಫ್ಯೂಸ್ ಟ್ಯಾಪ್‌ನಿಂದ ತೆಗೆದುಕೊಳ್ಳಿ. ಏರ್‌ಬ್ಯಾಗ್, ಎಬಿಎಸ್, ಇಸಿಯು, ಫ್ಯೂಯಲ್ ಪಂಪಿನ ಫ್ಯೂಸ್ ಬಿಟ್ಟು ವೈಪರ್ ಅಥವಾ 12 ವೋಲ್ಟ್ ಸಾಕೆಟ್ಟಿನದು ನೋಡಿ. ಇವುಗಳಲ್ಲಿ ಸೆಲ್ಫ್ ಹೊಡೆಯುವಾಗ ಕ್ಷಣಕಾಲ ಕರೆಂಟ್ ಹೋಗುತ್ತದೆ, ಮೀಟರ್ ಒಮ್ಮೆ ಆರಿ ಹತ್ತುತ್ತದೆ, ಚಿಂತೆಯಿಲ್ಲ. ಟ್ಯಾಪಿಗೆ ದಿಕ್ಕಿದೆ. ಫ್ಯೂಸ್ ತೆಗೆದು, ಬ್ಯಾಟರಿ ಒಮ್ಮೆ ಜೋಡಿಸಿ, ಕೀ ಆನ್ ಮಾಡಿ ಎರಡು ಸೀಳಿನಲ್ಲಿ ಯಾವುದಕ್ಕೆ 12 ವೋಲ್ಟ್ ಬರುತ್ತದೆಂದು ನೋಡಿ. ಟ್ಯಾಪಿನ ವೈರ್ ಇಲ್ಲದ ಕಡೆಯ ಕಾಲು ಆ ಸೀಳಿಗೆ ಹೋಗಬೇಕು. ತಿರುವಿ ಹಾಕಿದರೂ ಮೀಟರ್ ಬೆಳಗುತ್ತದೆ, ಆದರೆ ನಿಮ್ಮ ಕರೆಂಟೂ ಹಳೆಯ ಫ್ಯೂಸಿನ ಮೇಲೇ ಬೀಳುತ್ತದೆ.

ಎಲ್ಲ ಮೀಟರಿನ ಅರ್ಥ್ ಒಂದೇ ಜಾಗಕ್ಕೆ ಬರಲಿ. ಡ್ಯಾಶ್‌ಬೋರ್ಡ್ ಕೆಳಗಿನ ಬಾಡಿ ಬೋಲ್ಟ್ ಒಂದನ್ನು ಬಿಚ್ಚಿ, ಪೇಂಟ್ ಉಜ್ಜಿ, ರಿಂಗ್ ಟರ್ಮಿನಲ್ ಇಟ್ಟು ಬಿಗಿಯಿರಿ. ಹೆಡ್‌ಲೈಟ್ ಹಾಕಿದಾಗ ಟೆಂಪರೇಚರ್ ನಾಲ್ಕು ಡಿಗ್ರಿ ಏರಿತೆಂದರೆ, ಇಂಡಿಕೇಟರ್ ಜೊತೆ ಮುಳ್ಳು ತಾಳ ಹಾಕಿತೆಂದರೆ ದೋಷ ಅರ್ಥ್‌ನಲ್ಲೇ ಇದೆ ಎಂದುಕೊಳ್ಳಿ.

ಬಾನೆಟ್ಟಿನಿಂದ ಒಳಗೆ ಬರಲು ಹೊಸ ತೂತು ಕೊರೆಯಬೇಡಿ. ಮುಖ್ಯ ವೈರಿಂಗ್ ಗೊಂಚಲು ಅಥವಾ ಬಾನೆಟ್ ಕೇಬಲ್ ಹಾದುಹೋಗುವ ರಬ್ಬರ್ ಗ್ರಾಮೆಟ್‌ನ ಅಂಚಿನಲ್ಲಿ ಸಣ್ಣ ತೂತು ಮಾಡಿ, ಗಟ್ಟಿ ತಂತಿಗೆ ವೈರ್ ಕಟ್ಟಿ ತೂರಿಸಿ. ಗ್ರಾಮೆಟ್‌ಗೆ ಮುಂಚೆ ವೈರ್ ಒಮ್ಮೆ ಕೆಳಗೆ ಇಳಿದು ಮೇಲೇರಲಿ; ಮಲೆನಾಡಿನ ಮಳೆಯಲ್ಲಿ ವೈರ್ ಹಿಡಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಕಾರ್ಪೆಟ್ ನೆನೆಯುವುದಿಲ್ಲ. ಬಾನೆಟ್ ಕೆಳಗೆ ವೈರೆಲ್ಲ ಸುಕ್ಕು ಕೊಳವೆಯ ಒಳಗಿರಲಿ, ಎಕ್ಸಾಸ್ಟ್, ಟರ್ಬೊ, ಬೆಲ್ಟ್‌ಗಳಿಂದ ದೂರವಿರಲಿ. ಇಲಿ ಕಾಟವಿರುವ ಪಾರ್ಕಿಂಗ್‌ನಲ್ಲಿ ನಿಲ್ಲಿಸುವವರಿಗೆ ಆ ಕೊಳವೆ ಇನ್ನೂ ಮುಖ್ಯ.

ಜೋಡಣೆಗೆ ಕ್ರಿಂಪ್ (ಇಕ್ಕಳದಲ್ಲಿ ಒತ್ತಿ ಕೂಡಿಸುವ ಕನೆಕ್ಟರ್) ಮತ್ತು ಕಾಯಿಸಿದರೆ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ. ವೈರ್ ಹೊಸೆದು ಕಪ್ಪು ಟೇಪ್ ಸುತ್ತಿದ್ದು ಒಂದು ಬೇಸಿಗೆ ಕಳೆಯುವುದರೊಳಗೆ ಅಂಟು ಬಿಟ್ಟು ಜಾರುತ್ತದೆ. ಒಳಗೆ ಬಟ್ಟೆ ಟೇಪ್ ಸುತ್ತಿದರೆ ಕಟಕಟ ಸದ್ದು ಬರುವುದಿಲ್ಲ.

ಮೀಟರ್ ಕೂರುವ ಜಾಗ

ಮುಂಗಾಜಿನ ಪಕ್ಕದ ಎ-ಪಿಲ್ಲರ್ ಮೇಲೆ ಮೀಟರ್ ಚೆನ್ನಾಗಿ ಕಾಣುತ್ತದೆ. ಆದರೆ ಆರು ಏರ್‌ಬ್ಯಾಗಿನ ಕಾರುಗಳಲ್ಲಿ ಕರ್ಟನ್ ಏರ್‌ಬ್ಯಾಗ್ ಆ ಕಂಬದ ಮೇಲಿನಿಂದಲೇ ಬಿಚ್ಚಿಕೊಳ್ಳುತ್ತದೆ. ಪಿಲ್ಲರ್ ಮೇಲೆ ಏರ್‌ಬ್ಯಾಗಿನ ಗುರುತಿದ್ದರೆ ಅಲ್ಲಿಗೆ ಏನನ್ನೂ ಅಂಟಿಸಬಾರದು. ಎಡಗಡೆ ಪ್ಯಾಸೆಂಜರ್ ಏರ್‌ಬ್ಯಾಗ್ ಮುಚ್ಚಳದ ಮೇಲೂ ಬೇಡ. ಸ್ಟೀರಿಯೊ ಕೆಳಗಿನ ಖಾಲಿ ಗೂಡು, ಎಸಿ ವೆಂಟ್, ಸ್ಟಿಯರಿಂಗ್ ಕಾಲಂ ಇವು ನಿರಪಾಯ. ಆಯಿಲ್ ಪ್ರೆಶರ್ ಕಣ್ಣಿಗೆ ಅತಿ ಹತ್ತಿರ, ವೋಲ್ಟ್ ಎಲ್ಲಾದರೂ ಸರಿ.

ಮೊದಲ ಸ್ಟಾರ್ಟ್, ಆಮೇಲೆ

ಬ್ಯಾಟರಿ ಜೋಡಿಸಿ ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಆಯಿಲ್ ಸೊನ್ನೆ, ಟೆಂಪರೇಚರ್ ಹೊರಗಿನ ಹವೆಯಷ್ಟು, ವೋಲ್ಟ್ 12.2ರಿಂದ 12.6 ಇರಬೇಕು. ಏರ್‌ಬ್ಯಾಗ್ ದೀಪ ಆರಿತೇ ನೋಡಿ. ನಂತರ ಒಬ್ಬರು ಸ್ಟಾರ್ಟ್ ಮಾಡಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಸೆನ್ಸರಿನ ಬಳಿ ನಿಲ್ಲಲಿ. ಕೆಲವೇ ಸೆಕೆಂಡಿನಲ್ಲಿ ಆಯಿಲ್ ಪ್ರೆಶರ್ ಏಳದಿದ್ದರೆ ಅಥವಾ ಹನಿ ಕಂಡರೆ ಆಫ್. ಕೆಳಗೆ ಒಂದು ರಟ್ಟು ಹಾಸಿಟ್ಟು ರಾತ್ರಿಯೆಲ್ಲ ಬಿಡಿ, ಬೆಳಿಗ್ಗೆ ಅದರ ಮೇಲೆ ಕಲೆಯಿದೆಯೇ ನೋಡಿ.

ಮೊದಲ ಕೆಲವು ವಾರ ನಿಮ್ಮ ಗಾಡಿಯ ಮಾಮೂಲಿ ಅಂಕಿ ಬರೆದಿಟ್ಟುಕೊಳ್ಳಿ. ಪ್ರತಿ ಎಂಜಿನ್ನಿಗೂ ಅದರದೇ ಲೆಕ್ಕವಿದೆ, ಸರ್ವಿಸ್ ಮ್ಯಾನುಯಲ್ ಸಿಕ್ಕರೆ ಅದೇ ಅಂತಿಮ. ಸಾಮಾನ್ಯವಾಗಿ ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿ ಸುಮಾರು 1 ಬಾರ್, 3000 ಆರ್‌ಪಿಎಂನಲ್ಲಿ 3ರಿಂದ 4 ಬಾರ್ ತೋರಿಸುತ್ತದೆ. ಒಂದು ಬಾರ್ ಎಂದರೆ 14.5 ಪಿಎಸ್‌ಐ. ತಣ್ಣನೆಯ ಸ್ಟಾರ್ಟಿನಲ್ಲಿ ಹೆಚ್ಚು, 0ಡಬ್ಲ್ಯು-20ಯಂಥ ತೆಳು ಆಯಿಲಿಗೆ ಕಡಿಮೆ. ಘಾಟಿಯ ತಿರುವಿನಲ್ಲಿ ಅಥವಾ ಬ್ರೇಕ್ ಒತ್ತಿದಾಗ ಮುಳ್ಳು ಕ್ಷಣಕಾಲ ಬಿದ್ದು ಏಳುತ್ತಿದ್ದರೆ ಮೊದಲು ಡಿಪ್‌ಸ್ಟಿಕ್ ತೆಗೆದು ಆಯಿಲ್ ಮಟ್ಟ ನೋಡಿ.

ಓಡುವಾಗ ವೋಲ್ಟ್ 13.8ರಿಂದ 14.5. ಮಾರುತಿಯ ಸ್ಮಾರ್ಟ್ ಹೈಬ್ರಿಡ್‌ನಂಥ ಗಾಡಿಗಳಲ್ಲಿ ಆಲ್ಟರ್ನೇಟರನ್ನು ಇಸಿಯು ಆಡಿಸುವುದರಿಂದ ಅಂಕಿ ಓಲಾಡುವುದು ಸಹಜ. ಉಳಿದ ಗಾಡಿಗಳಲ್ಲಿ ಸತತ 15 ದಾಟಿದರೆ ರೆಗ್ಯುಲೇಟರ್ ತೋರಿಸಿ.

ಕೂಲೆಂಟ್ ಹೆದ್ದಾರಿಯಲ್ಲಿ 85ರಿಂದ 95, ಟ್ರಾಫಿಕ್ಕಿನಲ್ಲಿ ಫ್ಯಾನ್ ಹತ್ತುವವರೆಗೆ ನೂರರ ಆಸುಪಾಸು. ಚಾರ್ಮಾಡಿಯನ್ನು ಎಸಿ ಹಾಕಿ ಎರಡನೇ ಗೇರಿನಲ್ಲಿ ಏರುವಾಗ 105 ಮುಟ್ಟಿದರೂ ಹೆದರಬೇಕಿಲ್ಲ. ಸರಿಯಾದ ಕೂಲೆಂಟ್ ಮಿಶ್ರಣ ಮತ್ತು ಒಳ್ಳೆಯ ಒತ್ತಡದ ಮುಚ್ಚಳ ಇದ್ದರೆ ಅದು 120ರ ಮೇಲೆಯೇ ಕುದಿಯುವುದು. ಅಲಾರಂ ಇದ್ದರೆ 108ಕ್ಕೆ ಇಡಿ. ದಾಟಿದರೆ ಎಸಿ ಆಫ್, ಹೀಟರ್ ಪೂರ್ತಿ, ಪಕ್ಕಕ್ಕೆ ಹಾಕಿ ಐಡ್ಲಿಂಗ್. ಮುಚ್ಚಳ ಮಾತ್ರ ಮುಟ್ಟಬೇಡಿ. ಹೊಗೆ ಬರುತ್ತಿದ್ದೂ ಮುಳ್ಳು ತಟ್ಟನೆ ಕೆಳಗಿಳಿದರೆ ತಣ್ಣಗಾಯಿತೆಂದು ಹಿಗ್ಗಬೇಡಿ. ಕೂಲೆಂಟೆಲ್ಲ ಸೋರಿ ಸೆನ್ಸರ್ ಗಾಳಿಯಲ್ಲಿ ನಿಂತಿದೆ ಎಂದರ್ಥ, ಆಗ ಕೂಡಲೇ ಎಂಜಿನ್ ಆಫ್ ಮಾಡಬೇಕು. ಆಯಿಲ್ ಪ್ರೆಶರ್ ಸೊನ್ನೆಗೆ ಬಿದ್ದಾಗಲೂ ಅಷ್ಟೇ.

ಐನೂರು ಕಿಲೋಮೀಟರ್ ಆದ ಮೇಲೆ ಹೋಸ್ ಕ್ಲಿಪ್ಪುಗಳನ್ನು ಮತ್ತೊಮ್ಮೆ ಬಿಗಿಯಿರಿ. ಸ್ಯಾಂಡ್‌ವಿಚ್ ಪ್ಲೇಟ್ ಹಾಕಿದವರು ಅದರ ಬೋಲ್ಟ್ ಮತ್ತು ಪ್ಲೇಟಿಗೆ ಅಡ್ಡಲಾಗಿ ಒಂದು ಬಿಳಿ ಪೇಂಟ್ ಗೆರೆ ಎಳೆದಿಡಿ. ಮುಂದಿನ ಸರ್ವಿಸ್‌ನಲ್ಲಿ ಹಳೆಯ ಫಿಲ್ಟರ್ ತಿರುಗಿಸುವಾಗ ಅದರ ಜೊತೆ ಪ್ಲೇಟೂ ಸಡಿಲವಾಗುವುದುಂಟು, ಕೆಳಗೆ ಮಲಗಿ ಕೆಲಸ ಮಾಡುವ ಹುಡುಗನಿಗೆ ಅಲ್ಲೊಂದು ಪ್ಲೇಟ್ ಇದೆಯೆಂದೇ ಗೊತ್ತಿರುವುದಿಲ್ಲ. ಜಾಬ್ ಕಾರ್ಡಿನಲ್ಲಿ ಬರೆಸಿ, ಗಾಡಿ ವಾಪಸ್ ತಂದ ದಿನ ಆ ಗೆರೆ ಕೂಡಿಕೊಂಡೇ ಇದೆಯೇ ಎಂದು ಟಾರ್ಚ್ ಬಿಟ್ಟು ನೋಡಿ.